ಕೇಳದ ಹೆಸರು, ಕೊಂಡು ತಂದ ಆಲ್ಬಂ

ಸಂಗೀತ ಕೇಳುವ ಹವ್ಯಾಸ ಕುರಿತ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ವೀಕ್ಷಕರಿಂದ ಬಂದ ಪ್ರಶ್ನೆಗಳಲ್ಲಿ ಒಂದು ಮಲ್ಲತ್ತಹಳ್ಳಿಯದು. ಮನೆಯಲ್ಲಿದ್ದ ಹಳೆಯ ರೆಕಾರ್ಡ್ ಪ್ಲೇಯರನ್ನು ಅವರು ರಿಪೇರಿ ಮಾಡಿಸಿದ್ದಾರೆ. ಜಾಝ್ ಕೇಳಬೇಕೆಂಬ ಆಸೆ ಇದೆ. ಆದರೆ ಅಂಗಡಿಯಲ್ಲಿ ಕಾಣುವ ಹೆಸರುಗಳಲ್ಲಿ ಒಂದೂ ಪರಿಚಯದ್ದಲ್ಲ. "ಗೊತ್ತೇ ಇಲ್ಲದವರ ಆಲ್ಬಂಗೆ ದುಡ್ಡು ಹಾಕುವುದು ಬುದ್ಧಿವಂತಿಕೆಯೆ?" ಎಂದು ಅವರು ಕೇಳಿದ್ದಾರೆ.

ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಇದಕ್ಕೆ ಸಮಾಧಾನವಾಗಿ ಉತ್ತರಿಸಲು ಆಗಲಿಲ್ಲ. ಪ್ರಶ್ನೆ ಜಾಝ್‌ನದೊಂದೇ ಅಲ್ಲ. ನಮಗೆ ಹಿಡಿಸುವ ಕಲಾವಿದರು ನಮಗೆ ಹೇಗೆ ಸಿಗುತ್ತಾರೆ ಎಂಬುದೇ ಮುಖ್ಯವಾದ ವಿಷಯ. ಯಾರೋ ಹೇಳಿದ್ದನ್ನು ಕೇಳುವುದು ಒಂದು ದಾರಿ. ಇನ್ನೊಂದು ದಾರಿ, ಅಂಗಡಿಯಲ್ಲಿ ನಿಂತು ಹೊದಿಕೆಯನ್ನು ತಿರುವಿ ನೋಡಿ, ಮನಸ್ಸು ಎಳೆದ ಕಡೆ ಒಂದು ಆಲ್ಬಂ ಎತ್ತಿಕೊಂಡು ಬರುವುದು. ಈ ಎರಡನೆಯ ದಾರಿಯನ್ನು ಜೂಜು ಎನ್ನುವವರಿದ್ದಾರೆ. ಅದು ಜೂಜಲ್ಲ, ಒಂದು ಬಗೆಯ ಪ್ರಯೋಗ. ಈ ದಾರಿಯಲ್ಲಿ ನಡೆದವರು ಬೆಂಗಳೂರಿನ, ಕರಾವಳಿಯ ನಮ್ಮವರೇ ಆದ ಕಲಾವಿದರನ್ನು ದೂರದ ದೇಶದ ರೆಕಾರ್ಡಿನ ಮೇಲೆ ಕಂಡುಕೊಂಡಿದ್ದಾರೆ. ಅದು ಹೇಗೆಂದು ನೋಡೋಣ.

ಅಂದಾಜು ಕುರುಡಲ್ಲ

ಮಲ್ಲತ್ತಹಳ್ಳಿಯವರಿಗೆ ಕಲಾಗ್ರಾಮದ ಉದಾಹರಣೆ ಕೊಟ್ಟರೆ ಮಾತು ಸುಲಭವಾಗುತ್ತದೆ. ಅಲ್ಲಿನ ರಂಗಮಂದಿರದಲ್ಲಿ ನಾಟಕ ನೋಡುವವರು ಪ್ರತಿ ಸಲವೂ ತಂಡದ ಹೆಸರು ಮೊದಲೇ ಕೇಳಿರುತ್ತಾರೆಯೆ? ಇಲ್ಲ. ಪೋಸ್ಟರಿನಲ್ಲಿ ನಿರ್ದೇಶಕರ ಹೆಸರು ಎಲ್ಲೋ ನೋಡಿದ ಹಾಗಿರುತ್ತದೆ. ಮೂಲ ಕಥೆ ಯಾರದೆಂದು ಗೊತ್ತಿರುತ್ತದೆ. ಸಂಗೀತ ಯಾರದು, ಬೆಳಕು ಯಾರದು ಎಂದು ಕಣ್ಣಾಡಿಸುತ್ತಾರೆ. ಈ ಮೂರು ನಾಲ್ಕು ಸುಳಿವು ಸೇರಿ "ಹೋಗಿ ನೋಡೋಣ" ಎನ್ನಿಸುತ್ತದೆ. ಅದೇ ಅಂದಾಜು. ಮನಸ್ಸು ತನಗೆ ಈಗಾಗಲೇ ತಿಳಿದ ಸಣ್ಣ ಸಣ್ಣ ಸಂಗತಿಗಳನ್ನು ಬೇಗ ಕೂಡಿಸಿ ಹೇಳುವ ಉತ್ತರ ಅದು.

ಆಲ್ಬಂ ಕೊಳ್ಳುವಾಗಲೂ ಹೀಗೆಯೇ. ನಮ್ಮ ಮನೆಗಳಲ್ಲಿ ಕ್ಯಾಸೆಟ್ ಕಾಲದಲ್ಲಿ ಇದು ನಡೆದೇ ಇತ್ತು. ಮೈಸೂರು ಅನಂತಸ್ವಾಮಿಯವರ ಅಥವಾ ಸಿ. ಅಶ್ವತ್ಥ್ ಅವರ ದನಿಗಾಗಿ ಭಾವಗೀತೆಯ ಕ್ಯಾಸೆಟ್ ತಂದವರು ಒಳಗಿನ ಕಾಗದ ಬಿಡಿಸಿ ಓದಿ ಕವಿಯ ಹೆಸರು ತಿಳಿದುಕೊಂಡರು. ಮುಂದೆ ಆ ಕವಿಯ ಹೆಸರು ಕಂಡರೆ ಸಾಕು, ಹಾಡಿದವರು ಯಾರೆಂದು ಗೊತ್ತಿಲ್ಲದಿದ್ದರೂ ಕ್ಯಾಸೆಟ್ ಕೊಂಡರು. ಹೀಗೆ ಹಾಡುಗಾರರಿಂದ ಕವಿಗೆ, ಕವಿಯಿಂದ ಇನ್ನೊಬ್ಬ ಹಾಡುಗಾರರಿಗೆ ದಾರಿ ಬೆಳೆಯಿತು. ಜಾಝ್‌ನಲ್ಲಿ ಈ ದಾರಿಗಳು ಇನ್ನೂ ಹೆಚ್ಚು. ಕಾರಣ, ಅಲ್ಲಿ ಒಬ್ಬರೇ ಕಲಾವಿದರು ಇಂದು ತಮ್ಮ ಹೆಸರಿನ ಆಲ್ಬಂ ಮಾಡುತ್ತಾರೆ, ನಾಳೆ ಮತ್ತೊಬ್ಬರ ಆಲ್ಬಂನಲ್ಲಿ ಪಕ್ಕವಾದ್ಯದವರಂತೆ ಕೂರುತ್ತಾರೆ.

ಇಲ್ಲಿ ಲೆಕ್ಕವೂ ಕೇಳುಗರ ಪರವಾಗಿದೆ. ನೀವು ಹತ್ತು ಆಲ್ಬಂಗಳನ್ನು ಅಂದಾಜಿನ ಮೇಲೆ ಕೊಂಡಿರಿ ಎಂದಿಟ್ಟುಕೊಳ್ಳೋಣ. ಏಳು ಹಿಡಿಸಲಿಲ್ಲ, ಎರಡು ಪರವಾಗಿಲ್ಲ, ಒಂದು ಮನಸ್ಸಿಗೆ ನಾಟಿತು. ಹಿಡಿಸದ ಏಳರಿಂದ ಆದ ನಷ್ಟ ಅವುಗಳ ಬೆಲೆಯಷ್ಟೇ, ಅದಕ್ಕಿಂತ ಒಂದು ಕಾಸೂ ಹೆಚ್ಚಲ್ಲ. ನಾಟಿದ ಒಂದರಿಂದ ಆಗುವ ಲಾಭಕ್ಕೆ ಮಾತ್ರ ಹೀಗೆ ಗೆರೆ ಎಳೆಯಲಾಗದು. ಆ ಕಲಾವಿದರು ಜೀವಮಾನವೆಲ್ಲ ನುಡಿಸಿದ್ದು ನಿಮ್ಮ ಮುಂದೆ ತೆರೆದುಕೊಳ್ಳುತ್ತದೆ. ಅವರ ಜೊತೆಗಾರರೂ ತೆರೆದುಕೊಳ್ಳುತ್ತಾರೆ. ನಷ್ಟಕ್ಕೆ ಮಿತಿ ಇದ್ದು ಲಾಭಕ್ಕೆ ಮಿತಿ ಇಲ್ಲದ ಪ್ರಯೋಗವನ್ನು ಬೇಡ ಎನ್ನುವುದೇಕೆ?

ಹಿಂಬದಿಯ ಸಣ್ಣ ಅಕ್ಷರಗಳು

ದೂರದರ್ಶನದ ಕಾರ್ಯಕ್ರಮ ಮುಗಿದಾಗ ತೆರೆಯ ಮೇಲೆ ಹೆಸರುಗಳ ಪಟ್ಟಿ ಸಾಗುತ್ತದೆ. ಕ್ಯಾಮೆರಾ, ಧ್ವನಿ, ಸಂಕಲನ, ಬೆಳಕು. ಬಹಳ ಮಂದಿ ಆ ಹೊತ್ತಿಗೆ ಎದ್ದು ಹೋಗಿರುತ್ತಾರೆ. ನಿರ್ಮಾಪಕನಾದ ನನಗೆ ಗೊತ್ತು, ಕಾರ್ಯಕ್ರಮ ಚೆನ್ನಾಗಿ ಬಂದಿದ್ದರೆ ಅದಕ್ಕೆ ಕಾರಣ ಅನೇಕ ಸಲ ಆ ಪಟ್ಟಿಯ ನಡುವಿನ ಒಂದು ಹೆಸರು. ಆಲ್ಬಂನ ಹಿಂಬದಿಯೂ ಅಂಥದೇ ಪಟ್ಟಿ. ಮುಖಪುಟದ ಚಿತ್ರ ನಮ್ಮನ್ನು ಹತ್ತಿರ ಕರೆಯುತ್ತದೆ. ಕೊಳ್ಳಬೇಕೆ ಬೇಡವೆ ಎಂಬುದನ್ನು ಹೇಳುವುದು ಹಿಂಬದಿ.

1948 ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಲಾಂಗ್ ಪ್ಲೇ ರೆಕಾರ್ಡನ್ನು ಹೊರತಂದಿತು. ಅದಕ್ಕೆ ಮುಂಚಿನ 78 ಸುತ್ತಿನ ರೆಕಾರ್ಡಿನಲ್ಲಿ ಒಂದು ಬದಿಗೆ ಮೂರು ನಾಲ್ಕು ನಿಮಿಷ ಮಾತ್ರ ಸಂಗೀತ ಹಿಡಿಯುತ್ತಿತ್ತು. ಹೊಸದರಲ್ಲಿ ಗೀರುಗಳು ಬಹಳ ಸಣ್ಣವಾದ್ದರಿಂದ, ಸುತ್ತುವ ವೇಗವೂ ಕಡಿಮೆಯಾದ್ದರಿಂದ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಿಡಿಸಿತು. ಜಾಝ್‌ಗೆ ಇದು ವರವಾಯಿತು. ಕಲಾವಿದರು ಮನೋಧರ್ಮವನ್ನು ಅವಸರವಿಲ್ಲದೆ ಬೆಳೆಸಬಹುದಾಯಿತು. ಹನ್ನೆರಡು ಅಂಗುಲದ ದೊಡ್ಡ ಹೊದಿಕೆ ಬಂದದ್ದರಿಂದ ಹಿಂಬದಿಯಲ್ಲಿ ಬರೆಯಲು ಜಾಗವೂ ಸಿಕ್ಕಿತು. ಯಾರು ಯಾವ ವಾದ್ಯ, ಎಂದು ರೆಕಾರ್ಡ್ ಆಯಿತು, ಎಲ್ಲಿ ಆಯಿತು ಎಂಬ ವಿವರಗಳು ಅಚ್ಚಾದವು.

ಈ ವಿವರಗಳಲ್ಲಿ ಒಂದೊಂದೂ ಒಂದು ಸುಳಿವು. ವಾದ್ಯಗಳ ಪಟ್ಟಿ ನೋಡಿದರೆ ನಾದ ಎಂಥದಿರಬಹುದೆಂದು ತಿಳಿಯುತ್ತದೆ. ಪಿಯಾನೊ, ಬಾಸ್, ಡ್ರಮ್ಸ್ ಮೂರೇ ಇದ್ದರೆ ಅದು ಮನೆಯೊಳಗಿನ ಮಾತುಕತೆಯಂತೆ. ಹದಿನೈದು ಜನರಿದ್ದರೆ ಮೆರವಣಿಗೆಯಂತೆ. ಪ್ರತಿ ಹಾಡಿನ ಅವಧಿ ನೋಡಿ. ಮೂರು ನಿಮಿಷದ ಹನ್ನೆರಡು ಹಾಡುಗಳಿದ್ದರೆ ಒಂದು ರೀತಿ, ಹದಿನೆಂಟು ನಿಮಿಷದ ಎರಡೇ ಇದ್ದರೆ ಇನ್ನೊಂದು ರೀತಿ.

ಕಂಪನಿಯ ಹೆಸರೂ ಮಾತನಾಡುತ್ತದೆ. ನ್ಯೂಯಾರ್ಕಿನಲ್ಲಿ 1939 ರಲ್ಲಿ ಆರಂಭವಾದ ಬ್ಲೂ ನೋಟ್ ಕಂಪನಿಯನ್ನು ನಡೆಸಿದ ಆಲ್ಫ್ರೆಡ್ ಲಯನ್ ಮತ್ತು ಫ್ರಾನ್ಸಿಸ್ ವುಲ್ಫ್ ಇಬ್ಬರೂ ಜರ್ಮನಿಯಿಂದ ಬಂದವರು. ವುಲ್ಫ್ ತೆಗೆದ ಛಾಯಾಚಿತ್ರಗಳು, 1950 ರ ದಶಕದ ನಡುವಿನಿಂದ ರೀಡ್ ಮೈಲ್ಸ್ ಮಾಡಿದ ಮುಖಪುಟ ವಿನ್ಯಾಸಗಳು ಅಂಗಡಿಯಲ್ಲಿ ದೂರದಿಂದಲೇ ಗುರುತು ಸಿಗುತ್ತಿದ್ದವು. ಅವರ ಎಷ್ಟೋ ರೆಕಾರ್ಡಿಂಗ್ ಮಾಡಿದ ರೂಡಿ ವ್ಯಾನ್ ಗೆಲ್ಡರ್ ವೃತ್ತಿಯಿಂದ ಕಣ್ಣು ಪರೀಕ್ಷೆ ಮಾಡುವವರು. ಮೊದಲ ವರ್ಷಗಳಲ್ಲಿ ತಂದೆತಾಯಿಯ ಮನೆಯ ನಡುಮನೆಯೇ ಅವರ ಸ್ಟುಡಿಯೊ. ಜರ್ಮನಿಯ ಮ್ಯೂನಿಕ್‌ನಲ್ಲಿ 1969 ರಲ್ಲಿ ಮಾನ್‌ಫ್ರೆಡ್ ಐಷರ್ ಆರಂಭಿಸಿದ ಇಸಿಎಂ ಕಂಪನಿಯ ಗುರುತು ಬೇರೆ. ಶಾಂತವಾದ, ಗಾಳಿಯಾಡುವಂಥ ನಾದ, ಅದಕ್ಕೆ ತಕ್ಕ ಮುಖಪುಟ. ಹೀಗೆ ಒಂದು ಕಂಪನಿಯ ಎರಡು ಆಲ್ಬಂ ಹಿಡಿಸಿದರೆ, ಹೆಸರೇ ಕೇಳದವರ ಮೂರನೆಯ ಆಲ್ಬಂ ಎತ್ತಿಕೊಳ್ಳಲು ಆಧಾರ ಸಿಕ್ಕಂತೆ.

ಹಿಂಬದಿಯ ಪಟ್ಟಿ ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ'. 1959 ರ ಮಾರ್ಚ್ 2 ಮತ್ತು ಏಪ್ರಿಲ್ 22 ರಂದು, ಎರಡೇ ದಿನದಲ್ಲಿ ಅದರ ರೆಕಾರ್ಡಿಂಗ್ ಮುಗಿಯಿತು. ಅದರಲ್ಲಿ ನುಡಿಸಿದ ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ, ಬಿಲ್ ಎವಾನ್ಸ್, ವಿಂಟನ್ ಕೆಲಿ ಒಬ್ಬೊಬ್ಬರೂ ತಮ್ಮದೇ ಆಲ್ಬಂಗಳಿಂದ ಹೆಸರಾದವರು. ಕೋಲ್ಟ್ರೇನ್ ಮುಂದೆ ನಮ್ಮ ಸಂಗೀತದ ಕಡೆಗೂ ತಿರುಗಿದರು. 1965 ರಲ್ಲಿ ಹುಟ್ಟಿದ ಮಗನಿಗೆ ಪಂಡಿತ್ ರವಿಶಂಕರ್ ಅವರ ನೆನಪಿಗೆ ರವಿ ಎಂದೇ ಹೆಸರಿಟ್ಟರು.

ನ್ಯೂಯಾರ್ಕಿನಿಂದ ಬೆಂಗಳೂರಿಗೆ ಒಂದು ದಾರಿ

ಎಲ್ಲರೂ ಹೇಳುವ ಉದಾಹರಣೆಗಿಂತ ನಮಗೆ ಹತ್ತಿರದ್ದು ಇನ್ನೊಂದಿದೆ. ಚಾರ್ಲ್ಸ್ ಮಿಂಗಸ್ ಎಂಬ ಬಾಸ್ ವಾದಕರು 1963 ರಲ್ಲಿ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ' ಎಂಬ ಆಲ್ಬಂ ಹೊರತಂದರು. ಅದರ ಹೆಸರೇ ವಿಚಿತ್ರ. ಹೊದಿಕೆಯ ಬರಹದಲ್ಲಿ ಒಂದು ಭಾಗವನ್ನು ಮಿಂಗಸ್ ಅವರ ಮನೋಚಿಕಿತ್ಸಕರ ಕೈಯಲ್ಲಿ ಬರೆಸಿದ್ದರು! ಇಂಥ ಆಲ್ಬಂ ಅನ್ನು ಕುತೂಹಲಕ್ಕೆ ಕೊಂಡವರು ಅನೇಕರು. ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ಅದರಲ್ಲಿನ ಒಂದು ಆಲ್ಟೊ ಸ್ಯಾಕ್ಸೊಫೋನಿನ ದನಿ. ಅಳುವಂತೆ, ಕೂಗುವಂತೆ, ಕೆಲವೊಮ್ಮೆ ಗಮಕದಂತೆ ಜಾರುವ ದನಿ. ಯಾರದು ಎಂದು ಹಿಂಬದಿಯಲ್ಲಿ ಹುಡುಕಿದರೆ ಸಿಗುವ ಹೆಸರು ಚಾರ್ಲಿ ಮರಿಯಾನೊ.

ಮರಿಯಾನೊ 1923 ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ, ಇಟಲಿಯಿಂದ ಬಂದ ಕುಟುಂಬದಲ್ಲಿ ಹುಟ್ಟಿದರು. ಸ್ಟಾನ್ ಕೆಂಟನ್ ಅವರ ದೊಡ್ಡ ತಂಡದಲ್ಲಿ ನುಡಿಸಿದರು. ಮುಂದೆ ಏಷ್ಯದ ಕಡೆ ಬಂದಾಗ ನಾಗಸ್ವರ ಕೇಳಿ ಮನಸೋತು ಅದನ್ನು ಕಲಿತರು. ಮಿಂಗಸ್ ಆಲ್ಬಂನಿಂದ ಮರಿಯಾನೊ ಹೆಸರನ್ನು ಹಿಡಿದು ಹೊರಟ ಕೇಳುಗರಿಗೆ ಅಂಗಡಿಯಲ್ಲಿ ಎದುರಾಗುವುದು 1983 ರ ಒಂದು ಇಸಿಎಂ ಆಲ್ಬಂ. ಅದರ ಹೆಸರು 'ಜ್ಯೋತಿ'. ಹಿಂಬದಿಯಲ್ಲಿ ಮರಿಯಾನೊ ಹೆಸರಿನ ಜೊತೆಗೆ ಇರುವುದು 'ದಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್'!

ಈ ಸಂಸ್ಥೆ ನಮ್ಮ ಬೆಂಗಳೂರಿನದು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964 ರಲ್ಲಿ ಸ್ಥಾಪಿಸಿದ್ದು. 'ಜ್ಯೋತಿ'ಯಲ್ಲಿ ಅವರ ಮೃದಂಗವಿದೆ, ಅವರ ಪತ್ನಿ ಆರ್.ಎ. ರಮಾಮಣಿ ಅವರ ಗಾಯನವಿದೆ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್ ಇದೆ, ಟಿ.ಎನ್. ಶಶಿಕುಮಾರ್ ಅವರ ಖಂಜಿರವಿದೆ. ಕೊನ್ನಕೋಲೂ ಇದೆ. ಮೊದಲ ಹಾಡಿನಲ್ಲಿ ರಮಾಮಣಿಯವರ ದನಿಯೇ ಪ್ರಧಾನ. ಮರಿಯಾನೊ ಇಲ್ಲಿ ಅತಿಥಿಯಂತೆ ನಡೆದುಕೊಳ್ಳುತ್ತಾರೆ. ಸ್ವರವನ್ನು ತಾಳದ ಮೇಲೆ ಹೇರುವುದಿಲ್ಲ, ತಾಳದೊಳಗೆ ಜಾಗ ಹುಡುಕಿಕೊಳ್ಳುತ್ತಾರೆ.

ಗಮನಿಸಬೇಕಾದ ಮಾತು ಇಲ್ಲಿದೆ. ಮ್ಯೂನಿಕ್‌ನಲ್ಲೋ ಓಸ್ಲೋದಲ್ಲೋ ಒಬ್ಬ ಕೇಳುಗ, ಬೆಂಗಳೂರು ಎಲ್ಲಿದೆ ಎಂದು ತಿಳಿಯದವನು, ಕಂಪನಿಯ ಹೆಸರನ್ನೋ ಮರಿಯಾನೊ ಹೆಸರನ್ನೋ ನಂಬಿ ಈ ಆಲ್ಬಂ ಕೊಂಡ. ಮನೆಗೆ ಹೋಗಿ ಕೇಳಿದಾಗ ಅವನಿಗೆ ಸಿಕ್ಕವರು ರಮಾಮಣಿ, ಮಣಿ, ರಾಜಗೋಪಾಲ್, ಶಶಿಕುಮಾರ್. ನಮ್ಮ ಕಲಾವಿದರು ಅವನ ಮೆಚ್ಚಿನ ಪಟ್ಟಿಗೆ ಸೇರಿದ್ದು ಇಂಥ ಅಂದಾಜಿನಿಂದ. ಇದೇ ಊರಿನಲ್ಲಿ, ರಾಜಾಜಿನಗರದಲ್ಲಿ, ವಿಜಯನಗರದಲ್ಲಿ ಇರುವ ನಮ್ಮಲ್ಲಿ ಎಷ್ಟು ಮಂದಿ ಈ ಆಲ್ಬಂ ಕೇಳಿದ್ದೇವೆ? ಪರಿಚಿತ ಹೆಸರುಗಳನ್ನೇ ಕೊಳ್ಳುವ ಅಭ್ಯಾಸ ದೂರದವರನ್ನು ದೂರವೇ ಇಡುತ್ತದೆ. ಎಷ್ಟೋ ಸಲ ಪಕ್ಕದ ಬೀದಿಯವರನ್ನೂ ದೂರ ಮಾಡಿಬಿಡುತ್ತದೆ.

ಅರಮನೆಯ ಕೇಳುಗ

ಹೆಸರಾಗದವರನ್ನು ಹುಡುಕಿ ಕೇಳುವ ರೂಢಿ ಕರ್ನಾಟಕಕ್ಕೆ ಹೊಸದಲ್ಲ. ಜಾಝ್‌ನಿಂದ ಸ್ವಲ್ಪ ಪಕ್ಕಕ್ಕೆ ಸರಿದು ಮೈಸೂರು ಅರಮನೆಯ ಕಡೆ ನೋಡೋಣ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ನಮಗೆಲ್ಲ ಗೊತ್ತು. ಅವರು ಪಾಶ್ಚಾತ್ಯ ಸಂಗೀತದ ಸಾವಿರಾರು ರೆಕಾರ್ಡುಗಳನ್ನು ಸಂಗ್ರಹಿಸಿದ್ದರು ಎಂಬುದು ಅಷ್ಟಾಗಿ ಪ್ರಚಾರವಾಗಿಲ್ಲ. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರರ ರಚನೆಗಳು ಅವರಿಗೆ ಬಹಳ ಹಿಡಿಸಿದ್ದವು. ಆಗ ಮೆಟ್ನರ್ ಲಂಡನ್ನಿನಲ್ಲಿ ಬಡತನದಲ್ಲಿ, ಅನಾರೋಗ್ಯದಲ್ಲಿ ದಿನ ಕಳೆಯುತ್ತಿದ್ದ ವೃದ್ಧರು. ಯೂರೋಪಿನ ಕೇಳುಗರಲ್ಲೇ ಬಹಳ ಮಂದಿ ಅವರನ್ನು ಮರೆತಿದ್ದರು. ಜನಪ್ರಿಯತೆ ನೋಡಿ ಆರಿಸುವ ಹೆಸರು ಅದಾಗಿರಲಿಲ್ಲ.

ಮಹಾರಾಜರು ಮೆಟ್ನರ್ ಸೊಸೈಟಿಗೆ ಹಣ ಕೊಟ್ಟರು. 1940 ರ ದಶಕದ ಕೊನೆಯ ವರ್ಷಗಳಲ್ಲಿ ಎಚ್.ಎಂ.ವಿ. ಕಂಪನಿಯ ಮೂಲಕ ಮೆಟ್ನರ್ ಅವರೇ ತಮ್ಮ ಪಿಯಾನೊ ರಚನೆಗಳನ್ನು ನುಡಿಸಿದ ರೆಕಾರ್ಡುಗಳು ಬಂದವು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಅವರು 1951 ರಲ್ಲಿ ತೀರಿಕೊಂಡರು. ಆ ರೆಕಾರ್ಡಿಂಗ್ ಆಗದಿದ್ದರೆ ಅವರ ಕೈಬೆರಳಿನಿಂದ ಬಂದ ಆ ನಾದ ಇಂದು ನಮಗೆ ಸಿಗುತ್ತಿರಲಿಲ್ಲ. ಅಪರಿಚಿತ ಕಲಾವಿದರ ಮೇಲೆ ಕೇಳುಗರು ಹಾಕುವ ದುಡ್ಡು ಕೇಳುಗರ ಸಂತೋಷಕ್ಕೆ ಮಾತ್ರವಲ್ಲ, ಕಲಾವಿದರ ಉಳಿವಿಗೂ ಬೇಕಾದದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ನಾವು ಮಹಾರಾಜರಲ್ಲ, ನಿಜ. ಆದರೆ ಒಂದು ಆಲ್ಬಂ ಕೊಂಡಾಗ ನಾವೂ ಅದೇ ಕೆಲಸವನ್ನು ನಮ್ಮ ಅಳತೆಯಲ್ಲಿ ಮಾಡುತ್ತೇವೆ.

ತಮಾಷೆಗೆ ಕೊಟ್ಟ ಆಲ್ಬಂ

ಆ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಇತ್ತು. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949 ರಲ್ಲಿ ಹುಟ್ಟಿದ, ನಾಗಸ್ವರ ವಿದ್ವಾಂಸರ ಮಗನಾದ ಒಬ್ಬ ಹುಡುಗ ಮೈಸೂರಿನಲ್ಲಿ ಆ ಬ್ಯಾಂಡಿನ ಸ್ಯಾಕ್ಸೊಫೋನ್ ಕೇಳಿ ಬೆರಗಾದ. ಅವರೇ ಕದ್ರಿ ಗೋಪಾಲನಾಥ್. ಗಮಕಗಳಿಗೆ ಒಗ್ಗದ ಆ ವಾದ್ಯದಲ್ಲಿ ಬೇಕಾದ ಮಾರ್ಪಾಡು ಮಾಡಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ, ಕರ್ನಾಟಕ ಸಂಗೀತವನ್ನು ಅದರಲ್ಲಿ ನುಡಿಸಿದರು. 1980 ರಲ್ಲಿ ಮುಂಬೈಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇವರನ್ನು ಕೇಳಿ ಜೊತೆಯಲ್ಲಿ ನುಡಿಸಿದರು. 1994 ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ಇವರ ಕಛೇರಿ ನಡೆಯಿತು.

ಗೋಪಾಲನಾಥ್ ಅವರ ಒಂದು ಆಲ್ಬಂನ ಹೆಸರು 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್'. ಅಂಗಡಿಯಲ್ಲಿ ನೋಡಿದವರಿಗೆ ನಗು ಬರಬಹುದಾದ ಹೆಸರು. ಅಮೆರಿಕದಲ್ಲಿ ಅದನ್ನು ಒಬ್ಬ ಅಣ್ಣ ತನ್ನ ತಮ್ಮನಿಗೆ ಬಹುಮಟ್ಟಿಗೆ ತಮಾಷೆಗೆಂದೇ ಕೊಟ್ಟ. ಆ ತಮ್ಮ ರುದ್ರೇಶ್ ಮಹಾಂತಪ್ಪ.

ಮಹಾಂತಪ್ಪ ಅವರದು ಕರ್ನಾಟಕದಿಂದ ಅಮೆರಿಕಕ್ಕೆ ಹೋದ ಕುಟುಂಬ. ತಂದೆ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ರುದ್ರೇಶ್ 1971 ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ ಕೊಲರಾಡೊದ ಬೋಲ್ಡರ್‌ನಲ್ಲಿ ಬೆಳೆದರು. ಚಾರ್ಲಿ ಪಾರ್ಕರ್ ಅವರನ್ನು ಕೇಳಿ ಸ್ಯಾಕ್ಸೊಫೋನ್ ಹಿಡಿದು, ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜು ಸೇರಿದರು. ಹೆಸರು ನೋಡಿದವರು ಇವರಿಗೆ ಭಾರತೀಯ ಸಂಗೀತ ಗೊತ್ತಿರಲೇಬೇಕು ಎಂದುಕೊಳ್ಳುತ್ತಿದ್ದರು. ಆದರೆ ಅವರು ಬೆಳೆದದ್ದು ಅಮೆರಿಕದ ಸಂಗೀತದ ನಡುವೆ. ಎರಡು ದೇಶಗಳ ನಡುವೆ ಬೆಳೆದ ಮಕ್ಕಳ ಈ ಇಕ್ಕಟ್ಟು ನಮ್ಮ ಓದುಗರಲ್ಲಿ ಅನೇಕರ ಮನೆಯಲ್ಲೂ ಇದೆ.

ಅಂಥ ಹೊತ್ತಿನಲ್ಲಿ ಕೈಗೆ ಬಂತು ಈ ಆಲ್ಬಂ. ತಮ್ಮದೇ ವಾದ್ಯ, ತಮ್ಮ ತಂದೆತಾಯಿಯ ನಾಡಿನ ಕಲಾವಿದ, ಆದರೆ ಹಿಂದೆಂದೂ ಕೇಳದ ರೀತಿ. ಸ್ಯಾಕ್ಸೊಫೋನಿನಲ್ಲಿ ಇದೆಲ್ಲ ಸಾಧ್ಯವೆ ಎಂಬ ಅಚ್ಚರಿ ಅವರನ್ನು ಬಿಡಲಿಲ್ಲ. ಮುಂದೆ ಅವರು ಗೋಪಾಲನಾಥ್ ಅವರನ್ನೇ ಹುಡುಕಿಕೊಂಡು ಬಂದರು. ಇಬ್ಬರೂ ಸೇರಿ 2008 ರಲ್ಲಿ 'ಕಿನ್ಸ್‌ಮೆನ್' ಎಂಬ ಆಲ್ಬಂ ತಂದರು. ಹೆಸರಿನ ಅರ್ಥ ಬಂಧುಗಳು, ನೆಂಟರು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ, ಗಿಟಾರಿನಲ್ಲಿ ರೆಜ್ ಅಬ್ಬಾಸಿ ಜೊತೆಗಿದ್ದರು. ಅಮೆರಿಕದ ಜಾಝ್ ವಿಮರ್ಶಕರು ಅದನ್ನು ಬಹಳ ಮೆಚ್ಚಿದರು. ಗೋಪಾಲನಾಥ್ 2019 ರ ಅಕ್ಟೋಬರ್ 11 ರಂದು ಮಂಗಳೂರಿನಲ್ಲಿ ನಿಧನರಾದರು. ಆದರೆ ಆ ಆಲ್ಬಂನಲ್ಲಿ ಎರಡು ಸ್ಯಾಕ್ಸೊಫೋನುಗಳ ಸವಾಲ್ ಜವಾಬ್ ಇಂದಿಗೂ ಕೇಳಬಹುದು.

ಅಣ್ಣ ಆ ದಿನ ಪರಿಚಿತ ಹೆಸರನ್ನೇ ಹುಡುಕಿ ಕೊಟ್ಟಿದ್ದರೆ? ತಮ್ಮ ಹೆಸರು ನೋಡಿ ನಕ್ಕು ಪಕ್ಕಕ್ಕಿಟ್ಟಿದ್ದರೆ? ಒಬ್ಬ ಕಲಾವಿದನಿಗೆ ತನ್ನ ಬೇರು ಸಿಕ್ಕಿದ್ದು, ಯಾರೂ ಶಿಫಾರಸು ಮಾಡದ ಒಂದು ಆಲ್ಬಂ ಅನ್ನು ಪೂರ್ತಿ ಕೇಳಿದ್ದರಿಂದ.

ಮೊದಲ ಸಲ ಹಿಡಿಸದಿದ್ದರೆ

ಹೊಸ ಆಲ್ಬಂ ಮೊದಲ ಸಲಕ್ಕೇ ಹಿಡಿಸುವುದು ಅಪರೂಪ. ಇದಕ್ಕೆ ಮನೋವಿಜ್ಞಾನದಲ್ಲಿ ವಿವರಣೆ ಇದೆ. ರಾಬರ್ಟ್ ಝಾಯೊಂಕ್ ಎಂಬ ವಿಜ್ಞಾನಿ 1968 ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ಅರ್ಥವಿಲ್ಲದ ಪದಗಳು, ಚೀನೀ ಅಕ್ಷರಗಳಂಥ ಚಿಹ್ನೆಗಳು, ಅಪರಿಚಿತರ ಭಾವಚಿತ್ರಗಳು, ಇವನ್ನು ಜನರಿಗೆ ಕೆಲವನ್ನು ಒಂದೆರಡು ಸಲ, ಕೆಲವನ್ನು ಇಪ್ಪತ್ತೈದು ಸಲದವರೆಗೆ ತೋರಿಸಿದರು. ಹೆಚ್ಚು ಸಲ ಕಂಡದ್ದನ್ನು ಜನ ಹೆಚ್ಚು ಇಷ್ಟಪಟ್ಟರು. ಪರಿಚಯವೇ ಒಲವನ್ನು ಹುಟ್ಟಿಸುತ್ತದೆ ಎಂದಾಯಿತು. ಇದಕ್ಕೂ ಮಿತಿ ಇದೆ. ಮೊದಲಿನಿಂದಲೇ ತೀರ ಅಸಹ್ಯವೆನಿಸಿದ್ದು ಎಷ್ಟು ಸಲ ಕೇಳಿದರೂ ಒಗ್ಗದೆ ಹೋಗಬಹುದು. ಆದರೆ "ಏನೋ ತಿಳಿಯಲಿಲ್ಲ" ಎನಿಸಿದ ಸಂಗೀತಕ್ಕೆ ಎರಡನೆಯ, ಮೂರನೆಯ ಅವಕಾಶ ಕೊಡಲೇಬೇಕು.

ದುಡ್ಡು ಕೊಟ್ಟು ತಂದ ಆಲ್ಬಂನ ಗುಣ ಇಲ್ಲಿ ಗೊತ್ತಾಗುತ್ತದೆ. ಕೊಂಡಾಗಿದೆ, ಕಪಾಟಿನಲ್ಲಿದೆ. ಇನ್ನೊಂದು ಭಾನುವಾರ ಮತ್ತೆ ಹಾಕುತ್ತೇವೆ. ಮೂರನೆಯ ಸಲಕ್ಕೆ ಒಂದು ಮೂಲೆಯ ಸ್ವರ ಪರಿಚಯವಾಗುತ್ತದೆ. ಐದನೆಯ ಸಲಕ್ಕೆ ಆ ಸ್ವರಕ್ಕಾಗಿ ಕಾಯುತ್ತೇವೆ.

ಕೇಳುವಾಗ ಏನನ್ನು ಹಿಡಿದುಕೊಳ್ಳಬೇಕು ಎಂಬುದು ಗೊತ್ತಿದ್ದರೆ ಕೆಲಸ ಇನ್ನೂ ಸುಲಭ. ಬಹಳಷ್ಟು ಜಾಝ್ ರಚನೆಗಳ ಕಟ್ಟು ಸರಳ. ಮೊದಲು ಎಲ್ಲರೂ ಸೇರಿ ಒಂದು ರಾಗದ ಎಳೆಯನ್ನು ನುಡಿಸುತ್ತಾರೆ. ಇದನ್ನು ನಮ್ಮ ಪಲ್ಲವಿ ಎಂದುಕೊಳ್ಳಿ. ಆಮೇಲೆ ಒಬ್ಬೊಬ್ಬರಾಗಿ ಅದೇ ಚೌಕಟ್ಟಿನ ಮೇಲೆ ಮನೋಧರ್ಮ ನುಡಿಸುತ್ತಾರೆ. ಈ ಚೌಕಟ್ಟು ಅನೇಕ ಸಲ 12 ಅಥವಾ 32 ಅಳತೆಗಳ ಒಂದು ಸುತ್ತು. ನಮ್ಮ ಆವರ್ತನದ ಹಾಗೆ ಅದು ಮತ್ತೆ ಮತ್ತೆ ಬರುತ್ತದೆ. ಬಾಸ್ ವಾದ್ಯ ಈ ಸುತ್ತನ್ನು ಕಾಯುತ್ತದೆ. ಕೊನೆಯ ಹೊತ್ತಿಗೆ ಅನೇಕ ಸಲ ಉಳಿದ ವಾದ್ಯದವರೂ ಡ್ರಮ್ಸ್‌ನವರೂ ನಾಲ್ಕು ನಾಲ್ಕು ಅಳತೆಗಳನ್ನು ಹಂಚಿಕೊಂಡು ಉತ್ತರ ಪ್ರತ್ಯುತ್ತರ ಕೊಡುತ್ತಾರೆ. ತನಿ ಆವರ್ತನದಲ್ಲಿ ಮೃದಂಗ, ಘಟ, ಖಂಜಿರಗಳ ನಡುವೆ ನಡೆಯುವ ಸಂವಾದ ಕೇಳಿದವರಿಗೆ ಇದು ಹೊಸದಲ್ಲ. ಕಡೆಗೆ ಮೊದಲಿನ ಎಳೆಗೆ ಎಲ್ಲರೂ ಮರಳುತ್ತಾರೆ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಕುಳಿತ ಕಿವಿ ಜಾಝ್‌ಗೆ ಅರ್ಧ ಸಿದ್ಧವಾದ ಕಿವಿ.

ಯಂತ್ರದ ಶಿಫಾರಸು

ಇಂದು ಮೊಬೈಲ್ ಫೋನಿನಲ್ಲಿ ಕೋಟ್ಯಂತರ ಹಾಡುಗಳು ಸಿಗುತ್ತವೆ. ಒಂದು ಹಾಡು ಮುಗಿದರೆ ಮುಂದಿನದನ್ನು ಯಂತ್ರವೇ ಆರಿಸುತ್ತದೆ. ಹಾಗಿರುವಾಗ ಅಂಗಡಿ, ಅಂದಾಜು, ಆಲ್ಬಂ ಇವೆಲ್ಲ ಯಾಕೆ ಎಂದು ಕೇಳಬಹುದು. ಯಂತ್ರದ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಅಂಗಡಿಯಲ್ಲಿ ಸಿಗದ ಎಷ್ಟೋ ಆಲ್ಬಂಗಳು ಅಲ್ಲಿ ಸಿಗುತ್ತವೆ. ಆದರೆ ಅದರ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದಿರಬೇಕು. ನೀವು ಹಿಂದೆ ಏನು ಕೇಳಿದಿರಿ, ನಿಮ್ಮಂತೆಯೇ ಕೇಳುವವರು ಇನ್ನೇನು ಕೇಳಿದರು, ಇವನ್ನು ಕೂಡಿಸಿ ಅದು ಮುಂದಿನ ಹಾಡನ್ನು ಊಹಿಸುತ್ತದೆ. ಆದ್ದರಿಂದ ಅದು ಸಾಮಾನ್ಯವಾಗಿ ಹತ್ತಿರದ್ದನ್ನೇ ಕೊಡುತ್ತದೆ. ಮಿಂಗಸ್ ಕೇಳಿದವರನ್ನು ರಮಾಮಣಿಯವರ ತನಕ ಕರೆದೊಯ್ದ ದಾರಿ ಹತ್ತಿರದ್ದಲ್ಲ. ಅದನ್ನು ತೋರಿಸಿದ್ದು ಹಿಂಬದಿಯಲ್ಲಿ ಅಚ್ಚಾದ ಒಂದು ಹೆಸರು.

ಇನ್ನೊಂದು ವಿಚಾರ. ಹಿಡಿಸದ ಹಾಡನ್ನು ಹತ್ತು ಸೆಕೆಂಡಿನಲ್ಲಿ ದಾಟಿಸುವ ಸೌಕರ್ಯ ಇದ್ದಾಗ, ನಿಧಾನವಾಗಿ ತೆರೆದುಕೊಳ್ಳುವ ಸಂಗೀತಕ್ಕೆ ಉಳಿಗಾಲವಿಲ್ಲ. ಯಂತ್ರದಲ್ಲಿ ಕೇಳುವವರೂ ಒಂದು ನಿಯಮ ಇಟ್ಟುಕೊಳ್ಳಬಹುದು. ವಾರಕ್ಕೆ ಒಂದು ಅಪರಿಚಿತ ಆಲ್ಬಂ ಅನ್ನು ತಾವೇ ಆರಿಸಿ, ಮೊದಲಿನಿಂದ ಕೊನೆಯವರೆಗೆ, ದಾಟಿಸದೆ ಕೇಳುವುದು. ಆರಿಸಿದವರು ನೀವೇ ಆದಾಗ, ಹಿಡಿಸಿದರೂ ಹಿಡಿಸದಿದ್ದರೂ ಯಾಕೆ ಎಂದು ಯೋಚಿಸುತ್ತೀರಿ. ರುಚಿ ಬೆಳೆಯುವುದು ಈ "ಯಾಕೆ" ಎಂಬುದರಿಂದ.

ಆರಂಭಿಸುವವರಿಗೆ

ಕೆಲವು ಉಪಯುಕ್ತ ಸೂಚನೆಗಳು. ತಿಂಗಳಿಗೆ ಇಷ್ಟೇ ಎಂದು ಒಂದು ಮೊತ್ತ ಗೊತ್ತುಮಾಡಿಕೊಳ್ಳಿ. ಅದರೊಳಗೆ ಮನಸ್ಸು ಎಳೆದದ್ದನ್ನು ಕೊಳ್ಳಿ. ಮೀರಿದರೆ ಮುಂದಿನ ತಿಂಗಳಿಗೆ ಬಿಡಿ. ಪೂರ್ತಿ ಅಪರಿಚಿತ ಆಲ್ಬಂಗಿಂತ, ಪಟ್ಟಿಯಲ್ಲಿ ಒಂದೇ ಒಂದು ಪರಿಚಿತ ಹೆಸರು ಇರುವ ಆಲ್ಬಂ ಮೊದಲ ಹೆಜ್ಜೆಗೆ ಒಳ್ಳೆಯದು.

ಹಳೆಯ ರೆಕಾರ್ಡುಗಳಿಗೆ ಚಿಕ್ಕಪೇಟೆ ಸುತ್ತಿನ ಭಾನುವಾರದ ಬೀದಿ ಮಾರುಕಟ್ಟೆಯಲ್ಲಿ ಕಣ್ಣಾಡಿಸಬಹುದು. ಕೊಳ್ಳುವ ಮುಂಚೆ ರೆಕಾರ್ಡನ್ನು ಹೊದಿಕೆಯಿಂದ ತೆಗೆದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಂಥ ಗೀಚು ಅಷ್ಟು ಬಾಧಿಸುವುದಿಲ್ಲ. ಉಗುರು ತಾಗುವಷ್ಟು ಆಳದ ಗೀಚಿದ್ದರೆ ಸೂಜಿ ನೆಗೆಯುತ್ತದೆ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಾಗ ಬಿಸಿಲಿಗೆ ಬಾಗಿದ ರೆಕಾರ್ಡು ಗೊತ್ತಾಗುತ್ತದೆ. ಹೊದಿಕೆ ಒಂದು, ಒಳಗಿನ ರೆಕಾರ್ಡು ಇನ್ನೊಂದು ಇರುವುದೂ ಉಂಟು. ನಡುವಿನ ಚೀಟಿ ಓದಿಯೇ ದುಡ್ಡು ಕೊಡಿ. 78 ಸುತ್ತಿನ ರೆಕಾರ್ಡುಗಳ ಗೀರು ಬಹಳ ಅಗಲ. ಎಲ್‌ಪಿಯ ಸೂಜಿಯಲ್ಲಿ ಅವನ್ನು ನುಡಿಸಬಾರದು, ಅದಕ್ಕೆ ಬೇರೆ ಸೂಜಿ ಬೇಕು.

ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಆಲ್ಬಂನ ಹೆಸರು, ವರ್ಷ, ನುಡಿಸಿದವರೆಲ್ಲರ ಹೆಸರು, ಮೊದಲ ಸಲ ಕೇಳಿದಾಗ ಅನ್ನಿಸಿದ್ದು, ಮೂರನೆಯ ಸಲ ಕೇಳಿದಾಗ ಅನ್ನಿಸಿದ್ದು, ಇಷ್ಟು ಬರೆದರೆ ಸಾಕು. ವರ್ಷ ಕಳೆಯುವುದರೊಳಗೆ ಕೆಲವು ಹೆಸರುಗಳು ಎರಡು ಮೂರು ಪುಟಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಅವರೇ ನಿಮ್ಮ ಕಲಾವಿದರು.

ಒಬ್ಬರೇ ಮಾಡಬೇಕೆಂದಿಲ್ಲ. ಮಲ್ಲತ್ತಹಳ್ಳಿ, ನಾಗರಭಾವಿ, ಕೆಂಗೇರಿ ಕಡೆಯ ನಾಲ್ಕು ಮನೆಯವರು ಸೇರಿದರೆ ಒಬ್ಬೊಬ್ಬರು ತಿಂಗಳಿಗೆ ಒಂದು ಕೊಂಡರೂ ವರ್ಷಕ್ಕೆ 48 ಆಲ್ಬಂ ಆಗುತ್ತದೆ. ಬದಲಾಯಿಸಿಕೊಂಡು ಕೇಳಬಹುದು. ಒಬ್ಬರಿಗೆ ಹಿಡಿಸದ್ದು ಇನ್ನೊಬ್ಬರ ಮೆಚ್ಚಿನದಾಗುವುದನ್ನು ನೋಡುವುದೇ ಒಂದು ಪಾಠ. ನಷ್ಟವಾಯಿತು ಎಂದುಕೊಂಡ ಆಲ್ಬಂಗಳಲ್ಲಿ ಅರ್ಧ ಹೀಗೆ ಲಾಭದ ಖಾತೆಗೆ ಬರುತ್ತವೆ.

ಎಲ್ಲಿಂದ ಆರಂಭಿಸುವುದು ಎಂದು ತೋಚದಿದ್ದರೆ 'ಜ್ಯೋತಿ'ಯಿಂದಲೇ ಆರಂಭಿಸಬಹುದು. ಅದರಲ್ಲಿ ಅರ್ಧ ನಿಮಗೆ ಗೊತ್ತಿರುವ ಸಂಗೀತ, ಅರ್ಧ ಗೊತ್ತಿಲ್ಲದ್ದು. ಗೊತ್ತಿರುವ ಅರ್ಧದ ಕೈ ಹಿಡಿದು ಗೊತ್ತಿಲ್ಲದ ಅರ್ಧಕ್ಕೆ ದಾಟಿಕೊಳ್ಳಿ. ಅಲ್ಲಿಂದ ಮುಂದಿನ ಹೆಸರನ್ನು ಹಿಂಬದಿಯ ಸಣ್ಣ ಅಕ್ಷರಗಳೇ ಹೇಳುತ್ತವೆ.